ನಿಂತ ಮಳೆ

ಆ ಮಳೆಯ ಹಿಂದಿನ ದಿನ ನನ್ನ ಗಂಡ ಒಂದು ಕಲ್ಲಂಗಡಿಯನ್ನು ಕಿವಿಗೆ ಹಿಡಿದು ತಟ್ಟಿದ. "ಇದ್ಕಿನ್ನೂ ಮಾತು ಬಂದಿಲ್ಲ ಕಣಮ್ಮಿ, ನಿನ್ನಂಗಲ್ಲ," ಎಂದ. ಕೈಲಿದ್ದ ಹುಲ್ಲನ್ನು ಅವನ ತಲೆಗೆ ಎಸೆದೆ. ಕಾಯಿಗಳಿಗೆ ಹುಲ್ಲು ಹೊದಿಸಿ, ಮುದ್ದೆ ತಿಂದು ಮಲಗಿದೆವು. ಆ ದಿನ ಅಷ್ಟೇ.

ನಂಜನಗೂಡಿನ ಮೇಲ್ಗಡೆ ಗುಂಡ್ಲು ಹೊಳೆ ಬೇಸಿಗೆಯಲ್ಲಿ ಬರೀ ಮರಳು. ಸಂಕ್ರಾಂತಿ ಕಳೆದ ಮೇಲೆ ನಮ್ಮಂಥ ನೆಲವಿಲ್ಲದವರು ಅದರಲ್ಲಿ ಗುಣಿ ತೋಡಿ, ಗೊಬ್ಬರ ಹಾಕಿ ಕಲ್ಲಂಗಡಿ ಬಿತ್ತುತ್ತೇವೆ. ಕಾಯಿ ದಪ್ಪಗಾದರೆ ನರಿ ಕಾಟ. ಅದಕ್ಕೆ ಹೊಳೆಯ ನಡುವಿನ ದಿಬ್ಬದ ಮೇಲೆ ಗುಡಿಸಲು ಹಾಕಿ ಅಲ್ಲೇ ಇರುತ್ತೇವೆ. ನನ್ನ ಗಂಡ ಹುಟ್ಟಿದಾಗಿನಿಂದ ಮಾಡಿದ್ದು ಇದೇ ಕೆಲಸ. ಅವನ ಹಣ್ಣು ರೈಲಿನಲ್ಲಿ ಮೈಸೂರಿಗೆ ಹೋಗುತ್ತಿತ್ತು. ಅವನು ಒಂದು ಸಲವೂ ರೈಲು ಹತ್ತಲಿಲ್ಲ.

ನಾವು ಮಳೆಯನ್ನು ಗಾಳಿಯಲ್ಲಿ ನೋಡುವವರು. ಗಾಳಿ ನಮ್ಮ ಕಡೆ ತಿರುಗಿ ಮಣ್ಣಿನ ವಾಸನೆ ತಂದರೆ ದಡ ಹತ್ತುತ್ತೇವೆ. ಮಾರನೆಯ ದಿನ ಮಧ್ಯಾಹ್ನ ಗುಂಡ್ಲುಪೇಟೆ ಕಡೆ ಮೋಡ ಎದ್ದಿತು. ಎದ್ದಲ್ಲೇ ನಿಂತಿತು. ಗುಡುಗೂ ಒಂದೇ ಜಾಗದಿಂದ. ಇಲ್ಲಿ ಎಲೆ ಅಲುಗಲಿಲ್ಲ, ಬಿಸಿಲು ಸುಡುತ್ತಿತ್ತು.

ದಡದಲ್ಲಿ ದನ ಕಾಯುತ್ತಿದ್ದ ಬೆಟ್ಟಸ್ವಾಮಿ ಕೂಗಿದ. "ಏ ಚೆಲುವಣ್ಣ, ಮ್ಯಾಕ್ ಬಾರ್ಲಾ! ಆಗ್ಲಿಂದ ಅಲ್ಲಿ ಉಯ್ತಾನೇ ಅದೆ."

"ಉಯ್ಲಿ ಬುಡ್ಲಾ," ಎಂದ ನನ್ನ ಗಂಡ. "ಗಾಳಿನೇ ಇಲ್ಲ. ನಿಂತಿರೋ ಮಳೆ ಇಲ್ಗಂಟ ನಡ್ಕೊಂಡ್ ಬತ್ತದಾ? ಅದ್ಕೇನ್ ಕಾಲ್ ಅವಾ?"

ನಾನೂ ನಕ್ಕೆ.

ಮಳೆ ಬರಲಿಲ್ಲ. ನೀರು ಬಂತು. ಒಣ ಸೆತ್ತೆ, ನೊರೆ ತಳ್ಳಿಕೊಂಡು ದಿಬ್ಬದ ಎರಡೂ ಬದಿ ಹರಿಯಿತು. ನಾವು ಎದ್ದು ನಿಲ್ಲುವಷ್ಟರಲ್ಲಿ ದಡದ ಕಡೆ ಎದೆಮಟ್ಟ ಆಗಿತ್ತು. ಆಮೇಲೆ ಗುಡಿಸಲು ಹೋಯಿತು. ದಿಬ್ಬದ ಮೇಲೆ ಉಳಿದದ್ದು ಒಂದು ಜಾಲಿ ಗಿಡ. ನನ್ನ ಗಂಡ ನನ್ನನ್ನು ಅದಕ್ಕೆ ಹತ್ತಿಸಿ, ತಲೆಯ ವಸ್ತ್ರ ಬಿಚ್ಚಿ ನನ್ನ ಸೊಂಟವನ್ನು ಕಾಂಡಕ್ಕೆ ಕಟ್ಟಿದ. ಅವನೂ ಹತ್ತಿದ. ಗಿಡ ಬಾಗಿತು. ಬೇರು ಲಟಕ್ಕೆಂದಿತು. ಅವನು ಇಳಿದ.

"ಮ್ಯಾಕ್ ಬಾ," ಎಂದು ಅರಚಿದೆ.

"ಇಬ್ರುನ್ನ ತಡ್ಯಾಕಿಲ್ಲ ಕಣಮ್ಮಿ. ಗಟ್ಟಿಯಾಗ್ ಇಡ್ಕೊ. ನಂಗೆ ನೆಲ ಸಿಕ್ತಾ ಅದೆ."

ನೆಲವೆಂದರೆ ಮರಳು. ಅದು ಅವನ ಕಾಲಡಿಯಿಂದ ಜಾರುತ್ತಿತ್ತು. ಬೆಟ್ಟಸ್ವಾಮಿ ಎಸೆದ ದನದ ಹಗ್ಗ ಅರ್ಧಕ್ಕೂ ಬರಲಿಲ್ಲ. ನನ್ನ ಗಂಡನ ಕೈ ನನ್ನ ಪಾದದ ಮೇಲಿತ್ತು. ಆಮೇಲೆ ಇರಲಿಲ್ಲ. ನಾನು ಸೊಂಟದ ಗಂಟನ್ನು ಹಲ್ಲಿನಲ್ಲಿ ಎಳೆಯಲು ನೋಡಿದೆ, ಬಾಯಿ ನಿಲುಕಲಿಲ್ಲ. ಉಗುರು ಕಿತ್ತುಹೋಯಿತು, ಬಿಚ್ಚಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನೀರು ಮೊಣಕಾಲಿಗೆ ಇಳಿದಿತ್ತು. ಬೆಟ್ಟಸ್ವಾಮಿ ನಡೆದುಕೊಂಡೇ ಬಂದು ಕುಡುಗೋಲಿನಲ್ಲಿ ಬಟ್ಟೆ ಕುಯ್ದು ನನ್ನನ್ನು ಇಳಿಸಿದ. ನನ್ನ ಗಂಡ ಹೊಳೆ ಕಪಿಲೆಗೆ ಸೇರುವ ಕಡೆ ಸಿಕ್ಕಿದ.

ತಿ. ನರಸೀಪುರದಿಂದ ನನ್ನ ಅಣ್ಣ ಪುಟ್ಟಸ್ವಾಮಿ ಕರೆಯಲು ಬಂದ. ಅತ್ತೆ ಹಾಸಿಗೆ ಹಿಡಿದಿದ್ದಾಳೆ, ಬಿಟ್ಟು ಹೇಗೆ ಹೋಗಲಿ. ನಮ್ಮ ಕೇರಿಗೆ ಬಾವಿಯಿಲ್ಲ. ಬೆಳಗಾದರೆ ಈಗಲೂ ಆ ಹೊಳೆಗೇ ಇಳಿಯುತ್ತೇನೆ. ಮರಳನ್ನು ಮೊಳದುದ್ದ ತೋಡಿ, ನೀರು ಜಿನುಗುವ ತನಕ ಅಲ್ಲೇ ಕುಳಿತು, ಚಿಪ್ಪಿನಲ್ಲಿ ಮೊಗೆದು ಕೊಡ ತುಂಬುತ್ತೇನೆ.