ದಮ್ಮಿಲ್ಲದ ಎಂಜಿನ್ನು

ನಾನು ಹುಟ್ಟಾ ಪುಕ್ಕಲ. ಇದನ್ನು ಒಪ್ಪಿಕೊಂಡು ಬರೆಯಲು ನನಗೆ ಅರವತ್ತು ದಾಟಬೇಕಾಯಿತು. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದೆ. ಮಕ್ಕಳು ನನ್ನನ್ನು ಕಂಡರೆ ಹೆದರುತ್ತಿದ್ದರು, ನಾನು ಹಲ್ಲಿ ಕಂಡರೆ ಹೆದರುತ್ತಿದ್ದೆ. ಬಸ್ಸಿನಲ್ಲಿ ಕೂತರೆ ಡ್ರೈವರನಿಗಿಂತ ಮೊದಲು ನನ್ನ ಕಾಲೇ ಬ್ರೇಕ್ ಒತ್ತುತ್ತದೆ. "ನಿಮ್ದು ಗುಬ್ಬಿ ಎದಿ" ಎಂದು ಹೆಂಡತಿ ಮದುವೆಯಾದ ವರ್ಷವೇ ತೀರ್ಪು ಕೊಟ್ಟಿದ್ದಳು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಇಂಥವನ ಹೊಟ್ಟೆಯಲ್ಲಿ ಹುಟ್ಟಿದ ಮಗಳು ದನದ ಡಾಕ್ಟರಾದಳು. ಒದೆಯುವ ಎಮ್ಮೆಯ ಹಿಂದೆ ನಿಂತು ಭುಜದ ತನಕ ಕೈ ಹಾಕಿ ಕರು ಎಳೆಯುತ್ತಾಳೆ. ಮನೆ ರಂಗಂಪೇಟೆಯಲ್ಲಿ, ಕೆಲಸ ಯಾದಗಿರಿಯಲ್ಲಿ, ಲಸಿಕೆಯ ದಿನಗಳಲ್ಲಿ ಬಳಿಚಕ್ರದ ತನಕ ಓಡಾಟ. ಔಷಧದ ಡಬ್ಬಿ ಹೊತ್ತು ಬಸ್ಸು ಕಾಯುವುದು ಆಗದ ಮಾತು ಎಂದು ಹಳೆಯ ಕಾರೊಂದನ್ನು ಇಟ್ಟುಕೊಂಡಿದ್ದಳು. ಸಂಜೆ ಆ ಕಾರಿನ ಸದ್ದು ಓಣಿಯ ತಿರುವಿನಲ್ಲಿ ಕೇಳುವ ತನಕ ನಾನು ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಕಾರಣ ಕೇಳಿದರೆ ಗಾಳಿಗೆ ನಿಂತಿದ್ದೇನೆ ಎನ್ನುತ್ತಿದ್ದೆ. ನಮ್ಮ ರಸ್ತೆ ಅಂಥದ್ದು. ಹಿಂದೆ ಕೆಂಪು ದೀಪವಿಲ್ಲದ ಟ್ರ್ಯಾಕ್ಟರು, ಎರಡೂ ಬದಿಗೆ ಹೊಟ್ಟೆ ಉಬ್ಬಿಸಿಕೊಂಡು ಬರುವ ಹತ್ತಿ ಲಾರಿ. ಅವಳೋ ಜೋರಾಗಿ ಓಡಿಸುವವಳು.

ಕಳೆದ ವರ್ಷ ಬೇಸಿಗೆಯಲ್ಲಿ ಕಾರಿನ ನೀರು ಸೋರಿ ಎಂಜಿನ್ನು ಕಾದು ಕಚ್ಚಿಕೊಂಡಿತು. ರಿಪೇರಿಗಿಂತ ಬೇರೆ ಎಂಜಿನ್ ಕೂಡಿಸುವುದೇ ವಾಸಿ ಎಂದು ಶಹಾಪುರದ ಮೆಕ್ಯಾನಿಕ್ ಹೇಳಿದ. ಅವನು ನನ್ನ ವಯಸ್ಸಿನವನೇ, ಎಲ್ಲರೂ ಅವನನ್ನು ಉಸ್ತಾದ್ ಎಂದು ಕರೆಯುತ್ತಾರೆ. ಮೂರು ತಿಂಗಳು ಮಗಳು ಬಸ್ಸಿನಲ್ಲಿ ಓಡಾಡಿದಳು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅಷ್ಟು ನೆಮ್ಮದಿಯಾಗಿ ನಾನು ಎಂದೂ ಉಂಡಿರಲಿಲ್ಲ.

ಒಂದು ದಿನ ಉಸ್ತಾದ್ ಹೈದರಾಬಾದಿನಿಂದ ಎರಡು ಎಂಜಿನ್ ತಂದ. ಎರಡೂ ನಾಲ್ಕು ಸಿಲಿಂಡರಿನವು, ಎರಡೂ ನಮ್ಮ ಕಾರಿಗೆ ಕೂಡುವಂಥವು. ಮಗಳಿಗೆ ಕಾಲುಬಾಯಿ ಬೇನೆಯ ಲಸಿಕೆ ಕೆಲಸ. ನನ್ನನ್ನೇ ಕಳಿಸಿದಳು.

"ಉಸ್ತಾದ್‌ಗೆ ಹೇಳೀನಿ ಅಪ್ಪ. ನೀ ಸುಮ್ನ ನಿಂತು ಚಾಲೂ ಮಾಡ್ಸಿ ನೋಡು. ದಮ್ ಇರೋದಕ್ಕ ಹೂಂ ಅನ್ನು, ಅಷ್ಟs."

ನಮ್ಮ ಕಡೆ ದಮ್ ಎಂದರೆ ಕಸುವು, ತಾಕತ್ತು. ಅದೇ ಮಾತಿಗೆ ಒಂದು ಉಕಾರ ಹಚ್ಚಿ ದಮ್ಮು ಎಂದರೆ ಉಬ್ಬಸದ ರೋಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನನ್ನ ಪಾಪವೆಲ್ಲ ಆ ಉಕಾರದಲ್ಲಿದೆ.

ಉಸ್ತಾದ್ ಎರಡೂ ಎಂಜಿನ್ನನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಇಟ್ಟಿದ್ದ. ಬಾಟಲಿಯಿಂದ ಪೆಟ್ರೋಲು, ಪಕ್ಕದಲ್ಲಿ ಬ್ಯಾಟರಿ. ಮೊದಲನೆಯದನ್ನು ಚಾಲೂ ಮಾಡಿ ಎಣ್ಣೆ ಹಾಕುವ ಬಾಯಿಯ ಮುಚ್ಚಳ ತೆಗೆದು ಅದರ ಮೇಲೇ ಬೋರಲು ಇಟ್ಟ. ಮುಚ್ಚಳ ಮಿಸುಕಲಿಲ್ಲ.

"ಮುಚ್ಚಳ ಕುಣಿದು ಹಾರಿದ್ರ ಎಂಜಿನ್ನಿಗೆ ದಮ್ಮು ಹತ್ಯದ ಅಂತ ತಿಳ್ಕೋರಿ ಮಾಸ್ತರ. ಒಳಗಿಂದ ಉಸಿರು ಬಿಡ್ತದ. ಇವೆರಡಕ್ಕೂ ಆ ರೋಗ ಇಲ್ಲ. ಆದ್ರ ಇದು ದೊಡ್ಡದು, ಇದಕ್ಕ ದಮ್ ಅದ. ಲಾರಿ ದಾಟಬೇಕಂದ್ರ ಒಮ್ಮೆ ಒತ್ತಿದ್ರ ಸಾಕು, ಮುಂದ."

ಒತ್ತಿ ತೋರಿಸಿದ. ಚೌಕಟ್ಟೇ ಎದ್ದು ಓಡುತ್ತದೇನೋ ಎಂಬಂತೆ ನೆಲ ನಡುಗಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಈ ಸದ್ದಿನ ಹಿಂದೆ ಕೂತಿರುವವಳು ನನ್ನ ಮಗಳು.

ಎರಡನೆಯದು ಸಣ್ಣದು. ಮೆತ್ತಗೆ ತಿರುಗಿತು, ಬೋರಲಿಟ್ಟ ಮುಚ್ಚಳ ಇಲ್ಲೂ ಮಿಸುಕಲಿಲ್ಲ. ಒತ್ತಿದರೂ ದನಿ ಏರಿತೇ ಹೊರತು ನೆಲ ನಡುಗಲಿಲ್ಲ.

"ಇದೂ ತಂದುರುಸ್ತ್ ಅದ, ರೋಗ ಇಲ್ಲ. ಆದ್ರ ದಮ್ ಇಲ್ಲ. ಊರಾಗ ಕಾಯಿಪಲ್ಯ ತರಾಕ ಅಡ್ಡಿ ಇಲ್ಲ" ಎಂದು ಉಸ್ತಾದ್ ನಕ್ಕ.

"ಇದೇ ಇರಲಿ" ಎಂದೆ.

ಅವನ ನಗು ನಿಂತಿತು. "ಡಾಕ್ಟರ್ ಬಾಯಾರು ದೊಡ್ಡದೇ ಅಂದಿದ್ರಲ್ರಿ? ಅವ್ರು ಹೈವೇ ಹೊಡೆಯೋರು. ಇದು ಎಳೆಯಂಗಿಲ್ಲ ಮಾಸ್ತರ."

"ಅವ್ಳ ಮನಸ್ಸು ಬದಲಾಗ್ಯದ. ನನಗ ಹೇಳಿ ಕಳಿಸ್ಯಾಳ."

ಮೇಷ್ಟರು ಸುಳ್ಳು ಹೇಳುತ್ತಾರೆಂದು ಅವನಿಗೆ ಹೇಗೆ ಹೊಳೆದೀತು? ತಲೆಯಾಡಿಸಿ ಸಣ್ಣದರ ಮೇಲೆ ಸೀಮೆಸುಣ್ಣದಿಂದ ಗೀಟು ಎಳೆದ. ನಡೆಯಲಾರದವಳು ಬೀಳಲಾರಳು, ಇದು ನನ್ನ ಲೆಕ್ಕಾಚಾರ. ಓಡದ ಕಾರು ಗುದ್ದುವುದಾದರೂ ಹೇಗೆ?

ಸಂಜೆ ಮಗಳ ಫೋನು ಬಂತು. "ದಮ್ ಹ್ಯಾಂಗದ ಅಪ್ಪ?"

"ದಮ್ಮಿನ ಸುದ್ದೀನೇ ಇಲ್ಲ ಬಿಡವ್ವ" ಎಂದೆ. "ಉಸ್ತಾದ್ ಮುಚ್ಚಳ ಇಟ್ಟು ತೋರ್ಸ್ಯಾನ, ಮಿಸುಕಲಿಲ್ಲ. ಭಾಳ ಚೊಲೊ ಅದ."

ಒಂದಕ್ಷರವೂ ಸುಳ್ಳಲ್ಲ. ಜೀವನವಿಡೀ ಶ್ಲೇಷಾಲಂಕಾರ ಕಲಿಸಿದವನು ಅದನ್ನು ಮೊದಲ ಸಲ ಬಳಸಿದ್ದು ಹೆತ್ತ ಮಗಳ ಮೇಲೆ. ಅವಳು ಅದನ್ನು ರೋಗದ ದಮ್ಮು ಎಂದೇ ತಿಳಿದು, ನಕ್ಕು "ಶಾಬಾಸ್" ಎಂದಳು. ಎಂಜಿನ್ ನಂಬರು ಬದಲಾಯಿಸುವ ಕಾಗದಪತ್ರದ ಓಡಾಟವನ್ನೂ ನಾನೇ ವಹಿಸಿಕೊಂಡೆ. ಅವಳ ಕಣ್ಣಿಗೆ ಏನೂ ಬೀಳಲಿಲ್ಲ.

ಕಾರು ಮನೆಗೆ ಬಂದು ವಾರ ಕಳೆದಿರಲಿಲ್ಲ, "ಯಾಕೋ ಎಳೆಯಂಗಿಲ್ಲಪ್ಪ" ಎಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ. "ಬ್ಯಾರೆ ಎಂಜಿನ್ ಅಲ್ಲೇನು, ನಿನಗs ಇನ್ನೂ ಕೈ ಕೂಡಿಲ್ಲ" ಎಂದು ಹೇಳಿಬಿಟ್ಟೆ. ಪಾಪ, ನಂಬಿದಳು. ಮೂರು ತಿಂಗಳು ಬಿಟ್ಟಿದ್ದಕ್ಕೆ ತನ್ನ ಗೇರು ಹಾಕುವ ರೂಢಿಯೇ ತಪ್ಪಿದೆ ಎಂದು ಊಟಕ್ಕೆ ಕೂತಾಗಲೂ ಎಡಗೈಯಿಂದ ಗಾಳಿಯಲ್ಲಿ ಗೇರು ಬದಲಿಸುತ್ತಿದ್ದಳು. ಅದನ್ನು ಕಂಡು ನನಗೆ ಅಪರಾಧಿ ಭಾವ ಬರಬೇಕಿತ್ತು. ಬರಲಿಲ್ಲ. ಅವಳು ಮೊದಲಿಗಿಂತ ನಿಧಾನವಾಗಿದ್ದಾಳೆಂದು ಒಳಗೊಳಗೇ ಬೀಗಿದೆ.

ಹತ್ತಿ ಬಿಡಿಸುವ ಕಾಲಕ್ಕೆ ನನಗೆ ಕಣ್ಣು ತೋರಿಸಬೇಕಾಯಿತು. ಬೆಳಿಗ್ಗೆ ಅವಳ ಜೊತೆಗೇ ಯಾದಗಿರಿಗೆ ಹೊರಟೆ. ಶಹಾಪುರ ದಾಟಿ ಒಂದಷ್ಟು ದೂರ ಹೋಗಿದ್ದೇವೆ, ಮುಂದೆ ಹತ್ತಿ ಲಾರಿ. ರಸ್ತೆಯ ಅರ್ಧ ಪಾಲು ಅದೇ ತುಂಬಿಕೊಂಡು ಆನೆಯಂತೆ ಹೋಗುತ್ತಿತ್ತು. ಬಹಳ ಹೊತ್ತು ಹಿಂದೆಯೇ ಹೋದಳು. ಎದುರು ಖಾಲಿ ಕಂಡಾಗ ಬಲಕ್ಕೆ ತೆಗೆದು ಒತ್ತಿದಳು.

ದನಿ ಏರಿತು. ಕಾರು ಏರಲಿಲ್ಲ.

ಲಾರಿಯ ಹಿಂದಿನ ಗಾಲಿ ನನ್ನ ಕಿಟಕಿಯ ಪಕ್ಕ ಬಂತು, ಅಲ್ಲೇ ನಿಂತಂತಾಯಿತು. ಅದೂ ಓಡುತ್ತಿತ್ತು, ನಾವೂ ಓಡುತ್ತಿದ್ದೆವು, ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ. ಆಗ ಎದುರಿನ ತಿರುವಿನಲ್ಲಿ ಬಸ್ಸು ಕಂಡಿತು. ಮಗಳು ಗೇರು ಇಳಿಸಿ ಮತ್ತೆ ಒತ್ತಿದಳು. ಎಂಜಿನ್ನು ಅರಚಿತು, ಅಷ್ಟೇ. ಹಿಂದಕ್ಕೆ ಸರಿಯೋಣವೆಂದರೆ ನಾವು ಬಿಟ್ಟ ಜಾಗಕ್ಕೆ ಜೀಪೊಂದು ಆಗಲೇ ನುಗ್ಗಿತ್ತು. ಬಸ್ಸಿನವನು ದೀಪ ಹೊಡೆದ, ಹಾರ್ನು ಹೊಡೆದ. ಅವನ ಗಾಜಿನ ಮೇಲಿನ ಹೂವಿನ ಹಾರ ಬಣ್ಣ ಸಮೇತ ಕಂಡಿತು. ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ದಮ್ ಇಲ್ಲ, ದಮ್ ಇಲ್ಲ ಎಂದು ಉಸ್ತಾದನ ಮಾತು ಮಾತ್ರ ಕಿವಿಯಲ್ಲಿ. ನಾನು ಸಾಯುತ್ತೇನೆ ಎಂದು ಆಗ ಅನಿಸಲಿಲ್ಲ. ಇವಳನ್ನು ನಾನು ಕೊಂದೆ ಎಂದು ಅನಿಸಿತು. ಅರವತ್ತು ವರ್ಷ ಪಟ್ಟ ಅಂಜಿಕೆಯೆಲ್ಲ ಅದರ ಮುಂದೆ ಆಟದ ಸಾಮಾನು.

ಮಗಳು ಬಲಕ್ಕೆ, ರಸ್ತೆಯ ಆಚೆಗೆ, ತೊಗರಿ ಹೊಲಕ್ಕೆ ತಿರುಗಿಸಿದಳು. ಕಾರು ಎರಡು ಸಲ ನೆಗೆಯಿತು. ಗಿಡಗಳು ಗಾಜಿಗೆ ಬಡಿದವು. ಬಸ್ಸು ನಮ್ಮ ಮತ್ತು ಲಾರಿಯ ನಡುವೆ ಹಾದು ಹೋಯಿತು. ಆಮೇಲೆ ಎರೆಮಣ್ಣಿನಲ್ಲಿ ಹೂತು ನಿಂತೆವು.

ಇಬ್ಬರೂ ಇಳಿದೆವು. ನಾನು ಬದುವಿನ ಮೇಲೆ ಕೂತೆ. ಅವಳು ಕಾರಿನ ಸುತ್ತ ಒಂದು ಸುತ್ತು ಬಂದು, ಚಾವಿ ತೆಗೆದು, ನನ್ನ ಅಂಗೈಯಲ್ಲಿ ಇಟ್ಟಳು.

"ನನಗ ಗಾಡಿ ಹೊಡ್ಯಾಕ ಬರಂಗಿಲ್ಲಪ್ಪ. ನೀ ಹೇಳಿದ್ದು ಖರೇ. ಕೈ ಹೋಗ್ಯದ. ನಿನ್ನ ಸಾಯಿಸ್ತಿದ್ದೆ ನಾ ಇವತ್ತ. ಇನ್ನ ಮುಟ್ಟಂಗಿಲ್ಲ."

ಎಮ್ಮೆಯ ಒದೆತಕ್ಕೂ ಜಗ್ಗದವಳು ಹೀಗೆಂದಳು. ನಾನು ವರ್ಷಗಟ್ಟಲೆ ಹರಕೆ ಹೊತ್ತಂತೆ ಬಯಸಿದ್ದು ಈ ಮಾತನ್ನೇ. ಚಾವಿ ಜೇಬಿಗಿಟ್ಟು ಸುಮ್ಮನಿದ್ದರೆ ಮುಗಿಯಿತು, ಜನ್ಮವಿಡೀ ಬಾಗಿಲಲ್ಲಿ ನಿಲ್ಲುವುದು ತಪ್ಪಿತು. ಚಾವಿಯನ್ನು ಜೇಬಿನ ತನಕ ಒಯ್ದೆ ಕೂಡ. ಅದನ್ನೂ ಮುಚ್ಚಿಡುವುದಿಲ್ಲ.

"ನಿಂದಲ್ಲ ತಪ್ಪು" ಎಂದೆ. "ದೊಡ್ಡ ಎಂಜಿನ್ ಬ್ಯಾಡಂದವ ನಾನು. ಉಸ್ತಾದ್ ಎಳೆಯಂಗಿಲ್ಲ ಅಂತ ಹೇಳಿದ್ದ. ನಿನ್ನ ಹೆಸ್ರಿಗೆ ಸುಳ್ಳು ಹೇಳಿ ಸಣ್ಣದು ಕೂಡ್ಸೀನಿ. ನೀ ಹೊಲಕ್ಕ ತಿರುಗಿಸ್ಲಿಲ್ಲಂದ್ರ ಇಬ್ರೂ ಉಳೀತಿದ್ದಿಲ್ಲ."

ಅವಳು ಕೇಳಿದ್ದು ಒಂದೇ ಮಾತು. ಬೈದಿದ್ದರೆ ಹಗುರಾಗುತ್ತಿತ್ತು.

"ಎದಕ?"

"ಅಂಜಿಕಿಗೆ."

"ಅಂಜಿಕಿ ಆಗ್ತದ ಅಂತ ಒಂದ್ ಮಾತು ಹೇಳಬೇಕಿತ್ತಲ್ಲಪ್ಪ" ಎಂದಳು. "ನಾನs ಸಾವಕಾಶ ಹೊಡೀತಿದ್ದೆ."

ಇಷ್ಟೇ ಅಂದದ್ದು. ಇಷ್ಟು ಸುಲಭವಿತ್ತೆಂದು ನನಗೆ ಯಾಕೆ ಹೊಳೆಯಲಿಲ್ಲವೋ. ಅಂಜಿಕೆಯನ್ನು ಮುಚ್ಚಲು ನಾನು ಕಲಿತ ವಿದ್ಯೆಯೆಲ್ಲ ಖರ್ಚಾಗಿತ್ತು, ಅದನ್ನು ಬಾಯಿಬಿಟ್ಟು ಹೇಳುವಷ್ಟು ಮಾತ್ರ ಉಳಿದಿರಲಿಲ್ಲ.

ಹೊಲದವರು ನಾಲ್ಕು ಮಂದಿ ಬಂದು ಕಾರು ಮೇಲೆತ್ತಿ ರಸ್ತೆಯ ಅಂಚಿಗೆ ತಂದರು. ಮಗಳು ಕೈ ಚಾಚಿದಳು. ಚಾವಿ ಕೊಟ್ಟೆ. ಶಹಾಪುರಕ್ಕೆ, ಉಸ್ತಾದನ ಹತ್ತಿರವೇ ಹೋಗೋಣ ಎಂದಳು. ಎಡ ಸೀಟಿನಲ್ಲಿ ಕೂತೆ. ಅವಳು ಗೇರಿನ ಮೇಲೆ ಕೈಯಿಟ್ಟಳು.

"ಅವ್ವಾ, ನನಗ ಭಾಳ ಅಂಜಿಕಿ ಆಗಾಕತ್ತದ" ಎಂದೆ.

"ನನಗೂ ಆಗಾಕತ್ತದ" ಎಂದಳು. "ಹಿಂದ ಯಾರರ ಬರಾಕತ್ತಾರೇನು, ನೋಡಿ ಹೇಳು."

ನಾನು ಕುತ್ತಿಗೆ ಹೊರಳಿಸಿ ರಸ್ತೆಯನ್ನು ಕೊನೆಯ ತನಕ ನೋಡಿದೆ. ಯಾರೂ ಇಲ್ಲ ಎಂದು ಹೇಳಿದೆ. ಅವಳು ಮತ್ತೆ ತಾನೇ ತಿರುಗಿ ನೋಡಿಕೊಂಡು, ಆಮೇಲೆ ಹೊರಟಳು.