ಅಮೆರಿಕದ ಬಸ್ಸಿಗೆ ಅರಾದ್‌ನ ತೀರ್ಪು

ಎಲ್ಲರೂ ಹೇಳುವ ಕಥೆಯನ್ನು ನಾನು ನಂಬುವುದಿಲ್ಲ. ನಮ್ಮ ಡಿಬೇಟ್ ಸರ್ ಎಷ್ಟು ದೊಡ್ಡ ಮನಸ್ಸಿನವರೆಂದರೆ, ತಮ್ಮ ಅಮೆರಿಕದ ವೋಟನ್ನೇ ಬಹರೇನಿನ ಮಕ್ಕಳ ಕೈಗೆ ಕೊಟ್ಟುಬಿಟ್ಟಿದ್ದರಂತೆ. ಮೊನ್ನೆ ಇಲ್ಲಿನ ನಮ್ಮ ಕನ್ನಡ ಸಂಘದವರು ಅವರಿಗೆ ಇಟ್ಟ ನುಡಿನಮನ ಸಭೆಯಲ್ಲಿ ಮೈಕ್ ಹಿಡಿದವರೆಲ್ಲ ಇದನ್ನೇ ಹೇಳಿದರು, ಕೇಳಿದವರೆಲ್ಲ ತಲೆದೂಗಿದರು. ನಾನು ತಲೆದೂಗಲಿಲ್ಲ. ಆ ಮಕ್ಕಳಲ್ಲಿ ನಾನೂ ಒಬ್ಬಳು, ಅಷ್ಟೇ ಅಲ್ಲ, ಆ ದಿನದ ಚರ್ಚೆಯಲ್ಲಿ ಗೆದ್ದವಳು ನಾನೇ. ಗೆದ್ದವರು ಫಲಿತಾಂಶವನ್ನು ಅನುಮಾನಿಸಬಾರದೆಂಬ ನಿಯಮ ನನಗಂತೂ ಗೊತ್ತಿಲ್ಲ.

ಸಭೆಗೆ ಕುರ್ಚಿ ಜೋಡಿಸುವಾಗ ಅರಾದ್ ಊರಿನ ಸಂಘದ ಹಾಲ್‌ನ ಕಪಾಟಿನಲ್ಲಿ, ಸಮಯ ಮುಗಿಯಿತೆಂದು ಸರ್ ಒತ್ತುತ್ತಿದ್ದ ಹಿತ್ತಾಳೆಯ ಮೇಜುಗಂಟೆ ಸಿಕ್ಕಿತು. ಹಸಿರುಗಟ್ಟಿತ್ತು. ಬೆರಳಿಟ್ಟು ಒತ್ತಿದರೆ ಶಬ್ದ ಇನ್ನೂ ಹಾಗೇ ಇತ್ತು, ಮಾತಿನ ಮಧ್ಯೆ ಕತ್ತರಿ ಹಾಕುವ ಶಬ್ದ... ಅದರ ಹಿಂದೆಯೇ ಎಲ್ಲವೂ ಬಂತು.

ಸರ್ ಮೂಲತಃ ಉಡುಪಿ ಕಡೆಯವರು. ಬಹಳ ವರ್ಷ ಅಮೆರಿಕದಲ್ಲಿದ್ದು, ಅಲ್ಲಿನ ಪೌರರಾಗಿ, ಆಮೇಲೆ ಬಹರೇನಿನ ಮೀನಾ ಸಲ್ಮಾನ್ ಬಂದರಿನಲ್ಲಿ ಹಡಗು ರಿಪೇರಿಯ ಇಂಜಿನಿಯರ್ ಆಗಿ ಬಂದಿದ್ದರು. ಶುಕ್ರವಾರಗಳಲ್ಲಿ ಸಂಘದ ಮಕ್ಕಳಿಗೆ ಚರ್ಚೆ ಕಲಿಸುತ್ತಿದ್ದರು. ಸ್ವಲ್ಪ ದಿನದ ಕೆಲಸ, ಮುಗಿಸಿ ವಾಪಸ್ ಹೋಗುತ್ತೇನೆ ಎನ್ನುತ್ತಲೇ ಇದ್ದರು. ವಾಪಸ್ ಹೋಗುವವರೆಂಬ ಲೆಕ್ಕದಲ್ಲಿ ಅವರ ಅಮೆರಿಕದ ಊರಿನ ಚುನಾವಣಾ ಕಚೇರಿಯವರು ಪ್ರತಿ ಚುನಾವಣೆಗೂ ಪೂರ್ತಿ ಮತಪತ್ರವನ್ನೇ ಕಳಿಸುತ್ತಿದ್ದರು. ಮೇಲೆ ದೊಡ್ಡ ಹುದ್ದೆಗಳ ಹೆಸರು, ಕೆಳಗೆ ಆ ಊರಿನದೇ ಸಣ್ಣಪುಟ್ಟ ಪ್ರಶ್ನೆಗಳು.

ಇಲ್ಲಿ ನಮ್ಮ ಸಂಘದ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ಚುನಾವಣೆ ಎಂಬುದು ಒಮ್ಮೆಯೂ ನಡೆದಿಲ್ಲ, ಅದೇ ನಮ್ಮ ಹೆಮ್ಮೆ. ಯಾರದೋ ಫ್ಲ್ಯಾಟಿನಲ್ಲಿ ಊಟಕ್ಕೆ ಸೇರಿದಾಗಲೇ ಹೆಸರುಗಳು ತೀರ್ಮಾನವಾಗುತ್ತವೆ. ಮಹಾಸಭೆಯಲ್ಲಿ ಒಬ್ಬರು ಕೈ ಎತ್ತುತ್ತಾರೆ, ಉಳಿದವರೂ ಎತ್ತುತ್ತಾರೆ, ಅವಿರೋಧ ಆಯ್ಕೆ. ಒಮ್ಮೆ ಸರ್ ಚೀಟಿ ಹಾಕಿ ಆರಿಸೋಣ ಎಂದಾಗ ಅಧ್ಯಕ್ಷರು ನಕ್ಕುಬಿಟ್ಟಿದ್ದರು.

"ವೋಟು ಗೀಟು ಎಲ್ಲ ಎಂತಕ್ಕೆ ಮಾರಾಯ್ರೆ? ನಾವೆಲ್ಲ ಒಂದೇ ಮನೆಯವರಲ್ವಾ?"

"ಒಂದೇ ಮನೆಯಲ್ಲಿ ಮೀನು ಸಾರಿಗೆ ಹುಳಿ ಎಷ್ಟು ಅಂತ ದಿನಾ ಜಗಳ ಆಗ್ತದೆ," ಎಂದಿದ್ದರು ಸರ್. ಎಲ್ಲರೂ ನಕ್ಕರು. ಚೀಟಿಯ ವಿಷಯ ಅಲ್ಲಿಗೇ ಮುಗಿಯಿತು.

ಆ ವರ್ಷ ಮತಪತ್ರ ಬಂದಾಗ ಅವರು ಅದನ್ನು ಸಂಘದ ಹಾಲ್‌ಗೇ ತಂದರು. ಅಮೆರಿಕದ ಅಧ್ಯಕ್ಷ, ಸಂಸದ ಇತ್ಯಾದಿಗಳ ಬಗ್ಗೆ ನಮ್ಮ ಸಲಹೆ ಬೇಡ, ಅದು ತಮ್ಮದೇ ತಲೆನೋವು ಎಂದರು. ಕೊನೆಯ ಪ್ರಶ್ನೆಯೊಂದನ್ನು ಮಾತ್ರ ನಿಮಗೆ ಬಿಡುತ್ತೇನೆ ಎಂದರು. ಕಾರು ಓಡಿಸಲಾಗದ ವಯಸ್ಸಾದವರಿಗಾಗಿ ಆ ಊರಿನಲ್ಲಿ ಒಂದು ಸಣ್ಣ ಬಸ್ ಓಡುತ್ತಿತ್ತು. ಅದಕ್ಕಾಗಿ ಹಾಕುವ ತೆರಿಗೆ ಮುಂದುವರಿಯಬೇಕೋ ಬೇಡವೋ? ನೀವು ಚರ್ಚಿಸಿ, ಸಭೆ ತೀರ್ಮಾನಿಸಲಿ, ಸಭೆ ಹೇಳಿದ ಕಡೆಗೆ ನನ್ನ ಗುರುತು ಎಂದರು.

ನನ್ನ ಪಾಲಿಗೆ ಬಂದದ್ದು ಬಸ್ ಬೇಡ ಎನ್ನುವ ಪಕ್ಷ. ಬಸ್ಸನ್ನೇ ಹತ್ತದೆ ಬೆಳೆದ, ಬಹರೇನಿನ ರಿಫಾ ಪಟ್ಟಣದ ಹುಡುಗಿ ನಾನು. ಆದರೂ ಚೆನ್ನಾಗಿಯೇ ವಾದಿಸಿದೆ. ಖಾಲಿ ಸೀಟುಗಳನ್ನು ಊರೆಲ್ಲ ಸುತ್ತಿಸಿ ತರುವುದಕ್ಕೆ ತೆರಿಗೆ ಯಾಕೆ, ಬೇಕಾದವರಿಗೆ ಟ್ಯಾಕ್ಸಿ ಚೀಟಿ ಕೊಡಿ ಎಂದೆ. ಎದುರು ಪಕ್ಷದ ಹುಡುಗ ಕರುಣೆಯ ಬಗ್ಗೆ ಮಾತಾಡಿದ. ಕರುಣೆಗೆ ಅಂಕ ಸಿಗುವುದು ಕಡಿಮೆ.

ಕೈ ಎತ್ತುವ ಹೊತ್ತು ಬಂತು. ನನ್ನ ಪರವಾಗಿ ಮೊದಲು ಎದ್ದದ್ದು ಸಂಘದ ಅಧ್ಯಕ್ಷರ ಕೈ. ತೆರಿಗೆ ಬೇಡ ಎಂದರೆ ಅವರಿಗೆ ಯಾವ ದೇಶದ್ದಾದರೂ ಸಂತೋಷವೇ. ಅದನ್ನು ನೋಡಿ ಮುಂದಿನ ಸಾಲು, ಅದನ್ನು ನೋಡಿ ಹಿಂದಿನ ಸಾಲು... ಕೊನೆಗೆ ಇಡೀ ಹಾಲ್. ಎದುರು ಪಕ್ಷದ ಹುಡುಗನೂ ಕೈ ಎತ್ತಿ ನಿಂತಿದ್ದ.

"ನೀನು ಬಸ್ಸಿನ ಪರ ಮಾತಾಡಿದವ ಅಲ್ವನಾ?" ಸರ್ ಕೇಳಿದರು.

"ಎಲ್ಲರೂ ಎತ್ತಿದ್ರಲ್ಲ ಸರ್."

"ಅವಿರೋಧ," ಎಂದರು ಅಧ್ಯಕ್ಷರು, ಬಹಳ ತೃಪ್ತಿಯಿಂದ.

ಸರ್ ನಗಲಿಲ್ಲ. ಗಂಟೆಯ ಮೇಲೆ ಬೆರಳಿಟ್ಟುಕೊಂಡು, ಒತ್ತದೆ, ನನ್ನತ್ತ ತಿರುಗಿದರು. "ನೀನು ಹೇಳು ಮಗಾ. ಚರ್ಚೆ ಬಿಡು. ನಿನ್ನ ಮನಸ್ಸಲ್ಲಿ ಬಸ್ ಬೇಕಾ, ಬೇಡವಾ?"

"ಮನಸ್ಸು ಕೇಳುವ ರೂಲ್ ಇಲ್ಲ ಸರ್," ಎಂದೆ. ಅವರೇ ಕಲಿಸಿದ ಮಾತು ಅದು. ಹಾಲ್‌ನಲ್ಲಿದ್ದವರೆಲ್ಲ ನಕ್ಕರು. ಅವರು ಮೂಲೆಯ ಮೇಜಿಗೆ ಹೋಗಿ, ನಮಗೆ ಬೆನ್ನು ಮಾಡಿ ಕೂತು, ಪೆನ್ನು ತೆಗೆದರು. ಗುರುತು ಹಾಕಿದ್ದನ್ನು ಯಾರಿಗೂ ತೋರಿಸಲಿಲ್ಲ. ಲಕೋಟೆ ಅಂಟಿಸಿದ ಮೇಲೆಯೇ ತಿರುಗಿದರು.

ಈಗ ನನ್ನ ತಕರಾರು ಕೇಳಿ. ಸಭೆ ಹೇಳಿದಂತೆ ಅವರು ಗುರುತು ಹಾಕಿದ್ದರೆ, ಕುರಿಗಳಂತೆ ಎದ್ದ ಕೈಗಳಿಗೆ ತಮ್ಮ ವಿವೇಕವನ್ನು ಒಪ್ಪಿಸಿಬಿಟ್ಟರು ಎಂದಾಯಿತು. ಹಾಕದಿದ್ದರೆ ನಮಗೆ ಕೊಟ್ಟ ಮಾತು ಸುಳ್ಳು. ಎರಡರಲ್ಲಿ ದೊಡ್ಡ ಮನಸ್ಸು ಯಾವುದು? ಅದಕ್ಕೂ ಹಿಂದಿನ ಅನುಮಾನ ಇನ್ನೊಂದಿದೆ. ನಾವು ಯಾವ ಪಕ್ಷ ಎಂಬುದು ಯಾವಾಗಲೂ ನಾಣ್ಯ ಚಿಮ್ಮಿ ತೀರ್ಮಾನವಾಗುತ್ತಿತ್ತು. ಆ ದಿನ ಮಾತ್ರ ಅವರೇ ಹಂಚಿದ್ದರು. ತಂಡದಲ್ಲಿ ಗೆಲ್ಲುವವಳು ನಾನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾದರೆ ಬಸ್ ಸೋಲಲಿ ಎಂದೇ ನನ್ನನ್ನು ಆ ಕಡೆ ನಿಲ್ಲಿಸಿದರೋ? ಅಥವಾ ಗೆದ್ದ ಮೇಲೂ ಬಸ್ ಬೇಕು ಎಂದು ನಾನೇ ಹೇಳಬಹುದೆಂದು ಕಾಯುತ್ತಿದ್ದರೋ... ಕೇಳಬಹುದಿತ್ತು. ಆಮೇಲೆ ಎಷ್ಟೋ ಶುಕ್ರವಾರಗಳು ಸಿಕ್ಕಿದವು. ಪ್ರತಿ ಸಲವೂ ಬೇರೆ ಯಾವುದೋ ವಿಷಯಕ್ಕೆ ನಾವಿಬ್ಬರೂ ಜಗಳಾಡಿದೆವು.

ಮೊನ್ನೆ ಸಭೆ ಮುಗಿದ ಮೇಲೆ ಅವರ ಹೆಂಡತಿಯನ್ನು ನನ್ನ ಕಾರಿನಲ್ಲಿ ರಿಫಾಕ್ಕೆ ಕರೆದುಕೊಂಡು ಹೊರಟೆ. ದಾರಿಯಲ್ಲಿ ಆಂಟಿ, "ಎಲ್ಲರೂ ಆ ಬಸ್ಸಿನ ವಿಷಯವೇ ಹೇಳಿದ್ರು, ಅಲ್ವಾ?" ಎಂದರು.

"ಹೌದು ಆಂಟಿ."

"ಇವರ ಅಕ್ಕ ಆ ಬಸ್ಸಲ್ಲೇ ಹೋಗ್ತಾ ಇದ್ದದ್ದು, ಡಯಾಲಿಸಿಸ್‌ಗೆ. ಪಾಪ, ಬೇರೆ ಯಾರು ಕರ್ಕೊಂಡು ಹೋಗುವವರು ಅಲ್ಲಿ? ಇವರು ಕೂಡ ಇಲ್ಲಿ ಬಂದು ಕೂತದ್ದು."

ಅವರಿಗೆ ಅಕ್ಕ ಇದ್ದದ್ದೇ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಬಸ್ ನಿಂತಿತಾ ಆಂಟಿ?"

"ನಿಂತಿತು. ಊರಿನವರು ಬೇಡ ಅಂದ್ರಂತೆ. ಆಮೇಲೆ ಅಕ್ಕನನ್ನು ಒಂದು ವೃದ್ಧಾಶ್ರಮದ ಹಾಗೆ ಇರುವ ಕಡೆ ಸೇರಿಸಿದ್ರು. ಹೆಚ್ಚು ದಿನ ಬದುಕ್ಲಿಲ್ಲ."

ಒಂದು ವೋಟಿನಿಂದ ಬಸ್ ನಿಲ್ಲುವುದಿಲ್ಲ. ಆ ವಾದ ನನಗೆ ಗೊತ್ತು, ಬೇರೆ ವೇದಿಕೆಗಳಲ್ಲಿ ನಾನೇ ಅದನ್ನು ಬಳಸಿ ಗೆದ್ದಿದ್ದೇನೆ. ಮೊನ್ನೆ ಕಾರಿನಲ್ಲಿ ಅದು ಯಾವ ಕೆಲಸಕ್ಕೂ ಬರಲಿಲ್ಲ. ಅಮೆರಿಕದ ಊರೊಂದರ ಲೆಕ್ಕ ನನಗೆ ಬೇಕಿರಲಿಲ್ಲ. ಬೆನ್ನು ಮಾಡಿ ಕೂತ ಆ ಒಬ್ಬರ ಲೆಕ್ಕ ಬೇಕಿತ್ತು. ನನ್ನ ಪ್ರತಿಯೊಂದು ವಾದದಲ್ಲೂ ತೂತು ಹುಡುಕುತ್ತಿದ್ದ ಮನುಷ್ಯ ಈಗ ಇಲ್ಲ. ಇನ್ನು ಈ ಒಂದನ್ನು ಯಾರೆದುರು ವಾದಿಸಲಿ?

ಅವರ ಕಟ್ಟಡದ ಮುಂದೆ ಕಾರು ನಿಲ್ಲಿಸಿದೆ. ಆಂಟಿ ಬೆಲ್ಟ್ ಬಿಚ್ಚಿದರು, ಆದರೆ ಇಳಿಯಲಿಲ್ಲ. ಸರ್ ಯಾವ ಕಡೆ ಗುರುತು ಹಾಕಿದರೆಂದು ಅವರಿಗೆ ಗೊತ್ತಿರಬೇಕು. ಗೊತ್ತಿಲ್ಲದೆ ಇರಲಿಕ್ಕಿಲ್ಲ.

"ಆಂಟಿ, ಆ ದಿನ ಸರ್ ಗುರುತು ಹಾಕಿದ್ದು ನನ್ನ ಮಾತಿಗಾ, ಅಕ್ಕನ ಬಸ್ಸಿಗಾ?"