ಅತ್ತೆಗೆ ಕಲಿಸದ ಆರನೆಯ ಅಕ್ಷರ

ಬೆಳಗಿನ ಐದೂಕಾಲು. ದೊಡ್ಡಾಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಯಂತ್ರಗಳಿನ್ನೂ ಎದ್ದಿಲ್ಲ. ಇಸ್ತ್ರಿ ಮೇಜುಗಳ ಪಕ್ಕದ ಸಣ್ಣ ಕೋಣೆಯ ಬೀಗ ತೆಗೆಯುವ ಮುನ್ನ ಟೀಚರಕ್ಕ ಬಾಗಿಲನ್ನು ಎರಡು ಸಲ ತಟ್ಟುತ್ತಾರೆ. ಒಳಗೆ ಯಾರೂ ಇಲ್ಲ. ಇರಲು ಸಾಧ್ಯವೂ ಇಲ್ಲ. ಕೋಣೆಗೆ ಕಿಟಕಿಯಿಲ್ಲ, ಇರುವುದು ಒಂದೇ ಬೀಗದಕೈ, ಅದು ಅವರ ಸೊಂಟ ಬಿಟ್ಟು ಕದಲುವುದಿಲ್ಲ.

ಇಡೀ ಹಗಲು ಇಸ್ತ್ರಿ ಮಾಡುವ ಇವರು, ಪಾಳಿಗೆ ಮುಂಚಿನ ನಲವತ್ತು ನಿಮಿಷ ಜೊತೆಯವರಿಗೆ ಇಂಗ್ಲಿಷ್ ಅಕ್ಷರ ಕಲಿಸುತ್ತಾರೆ. ಹನ್ನೆರಡು ವರ್ಷದಿಂದ ಹೀಗೇ ನಡೆದಿದೆ. "ವಾರ್ಡಿಂದ ಬರೋ ಬಟ್ಟೆ ಗಂಟಿನ ಚೀಟಿ ಎಲ್ಲಾ ಇಂಗ್ಲಿಷಲ್ಲೇ ಇರುತ್ತೆ. ಸೋಂಕಿನ ಬಟ್ಟೆ ಅಂತ ಗೊತ್ತಾಗ್ದೆ ಒಬ್ಳು ಬರಿಗೈಲಿ ಬಿಚ್ಚಿಬಿಟ್ಳು. ಆವತ್ತೇ ಶುರು ಮಾಡ್ದೆ" ಎನ್ನುತ್ತಾರೆ. ಸ್ವತಃ ಓದಿದ್ದು ಹತ್ತನೇ ಕ್ಲಾಸು. ಈಗ ಬರುವವರು ಹನ್ನೊಂದು ಮಂದಿ, ಎಲ್ಲರಿಗಿಂತ ಕಿರಿಯವಳಿಗೆ ಮೂವತ್ತೆಂಟು. ಪೆನ್ಸಿಲ್ ಕಂಡರೆ ಬೆವರುವ ಕೈಗಳು. ಹಾಗಾಗಿ ದೊಡ್ಡ ತಟ್ಟೆಯಲ್ಲಿ ಬಟ್ಟೆಗೆ ಹಾಕುವ ಗಂಜಿಪುಡಿ ಹರವಿ ಬೆರಳಲ್ಲಿ ಬರೆಸುತ್ತಾರೆ. ಮೊದಲ ಪಾಠ ಸ್ವಂತ ಹೆಸರು. ಅದು ಪೂರ್ತಿ ಬಂದವರು ತಮ್ಮ ಲಾಕರಿನ ಬಾಗಿಲ ಮೇಲೆ ತಾವೇ ಬರೆದುಕೊಳ್ಳುತ್ತಾರೆ. ಹೆಸರು ಬಿದ್ದ ಲಾಕರನ್ನು ಇಲ್ಲಿ ಬೇರೆ ಯಾರೂ ಮುಟ್ಟುವುದಿಲ್ಲ.

ದೀಪ ಹೊತ್ತಿಕೊಳ್ಳುತ್ತದೆ. ನಿನ್ನೆ ಸಂಜೆ, ಈ ಪಾಠದ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನ್ನ ಕಣ್ಣೆದುರೇ ಟೀಚರಕ್ಕ ಸ್ಕೇಲಿನಿಂದ ಸವರಿಟ್ಟಿದ್ದ ಪುಡಿಯ ಮೇಲೆ ಐದು ಅಕ್ಷರಗಳಿವೆ. ಗೀರುಗಳು ಬೆರಳಿಗಿಂತ ದಪ್ಪ. ದೆವ್ವದ ಕತೆ ಕೇಳಿದರೆ ನಗುವವನು ನಾನು; ಈಗ ಹಿಂದೆ ತಿರುಗಿ ಬೀಗವನ್ನು ಮತ್ತೊಮ್ಮೆ ನೋಡುತ್ತೇನೆ.

"ನಮ್ಮತ್ತೆ" ಎನ್ನುತ್ತಾರೆ ಟೀಚರಕ್ಕ, ಮನೆಗೆ ಬಂದವರನ್ನು ಪರಿಚಯಿಸುವಂತೆ.

ಅತ್ತೆ ಇಲ್ಲೇ ಮೂವತ್ತು ವರ್ಷ ಹೊದಿಕೆ ಮಡಿಸಿದವರು. ಸೊಸೆಗೆ ಕೆಲಸ ಕೊಡಿಸಿದ್ದೂ ಅವರೇ. "ಮನೇಲಿ ಅವರು ನನ್ನ ಬೈಯೋರು, ಇಲ್ಲಿ ನಾನು ಅವರನ್ನ. ಸರಿಹೋಗ್ತಿತ್ತು." ಇಂಗ್ಲಿಷಿನಲ್ಲಿ ಬರೆದರೆ ಏಳಕ್ಷರದ ಹೆಸರು. ಆಯುಷ್ಯವಿಡೀ ಹೆಬ್ಬೆಟ್ಟು ಒತ್ತಿದ್ದ ಅತ್ತೆ ಪುಡಿಯ ಮೇಲೂ ಹೆಬ್ಬೆಟ್ಟನ್ನೇ ಎಳೆಯುತ್ತಿದ್ದರು. ಐದು ಅಕ್ಷರ ಬಂದ ಮೇಲೆ, ತೋರುಬೆರಳಲ್ಲಿ ಬರೆದರೆ ಮಾತ್ರ ಆರನೆಯದು ಕಲಿಸುತ್ತೇನೆ ಎಂದು ಸೊಸೆ ಹಠ ಹಿಡಿದರು. ಮೂರು ವಾರ ಅದೇ ಜಗಳ. ನಾಲ್ಕನೆಯ ವಾರ ಅತ್ತೆ ನಿದ್ದೆಯಲ್ಲೇ ಹೋಗಿಬಿಟ್ಟರು. ಆಗಿನಿಂದ ಪ್ರತಿ ಬೆಳಗ್ಗೆ ಈ ಐದು ಅಕ್ಷರ.

ಮಿಕ್ಕ ಎರಡು ಯಾಕಿಲ್ಲ ಎಂದು ಕೇಳುತ್ತೇನೆ.

"ನಾನು ಕಲಿಸಿಲ್ವಲ್ಲ."

ಈಗ ಕಲಿಸಬಹುದಲ್ಲ?

ಟೀಚರಕ್ಕ ತಟ್ಟೆಯ ಅಂಚಿಗೆ ಚೆಲ್ಲಿದ ಪುಡಿಯನ್ನು ಒಳಕ್ಕೆ ಸರಿಸುತ್ತಾರೆ. "ಕಲಿತುಬಿಟ್ರೆ ಮತ್ತೆ ಬರ್ತಾರೋ ಇಲ್ವೋ" ಎನ್ನುತ್ತಾರೆ.

ಆದರೆ ನಾಳೆ ಹೊಸಬಳೊಬ್ಬಳು ಕೆಲಸಕ್ಕೆ ಸೇರುತ್ತಾಳೆ. ಹೆಸರಿಲ್ಲದ ಲಾಕರ್ ಉಳಿದಿರುವುದು ಅತ್ತೆಯದೊಂದೇ. ಮೇಲ್ವಿಚಾರಕರು ಅದನ್ನೇ ಅವಳಿಗೆ ಗೊತ್ತುಮಾಡಿದ್ದಾರೆ.

ಪಾಠ ಮುಗಿಸಿ ಹನ್ನೊಂದು ಮಂದಿಯೂ ಎದ್ದು ಹೋದ ಮೇಲೆ ಟೀಚರಕ್ಕ ಹನ್ನೆರಡನೆಯ ಸ್ಟೂಲನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ. ಯಾರದೋ ಕೈಯನ್ನು ಹಿಡಿದ ಹಾಗೆ ಅವರ ಅಂಗೈ ತಟ್ಟೆಯ ಮೇಲೆ ಬಾಗಿ ನಿಲ್ಲುತ್ತದೆ. "ಹೆಬ್ಬೆಟ್ಟಲ್ಲೇ ಬರೀರಿ ಅತ್ತೆ, ಪರವಾಗಿಲ್ಲ." ಆರನೆಯದು, ಏಳನೆಯದು. ಹತ್ತು ಸಲ ತಿದ್ದಿಸುತ್ತಾರೆ. ನಡುವೆ ಒಮ್ಮೆ "ನಿಧಾನ, ಅವಸರ ಏನಿಲ್ಲ" ಎಂದು ಗದರುತ್ತಾರೆ ಕೂಡ. ಆಮೇಲೆ ಪುಡಿಯನ್ನು ಸವರಿ, ಬೀಗ ಜಡಿದು, ಬೀಗದಕೈಯನ್ನು ನನ್ನ ಕೈಗೇ ಕೊಡುತ್ತಾರೆ.

ಮರುದಿನ ಬೆಳಗ್ಗೆ ಬೀಗ ತೆಗೆಯುವವನು ನಾನೇ. ಪುಡಿಯ ಮೇಲೆ ಒಂದು ಗೀರೂ ಇಲ್ಲ. ಟೀಚರಕ್ಕ ಹನ್ನೆರಡನೆಯ ಸ್ಟೂಲನ್ನು ಗೋಡೆಗೆ ಸರಿಸುತ್ತಾರೆ. "ಬರ್ಲಿಲ್ಲ" ಎಂದಷ್ಟೇ ಹೇಳುತ್ತಾರೆ.

ಅಷ್ಟರಲ್ಲಿ ಬಟ್ಟೆ ಬದಲಿಸುವ ಕೋಣೆಯಿಂದ ಹೊಸಬಳ ದನಿ. "ಅಕ್ಕಾ, ಇದರ ಮೇಲೆ ಆಗ್ಲೇ ಏನೋ ಬರೆದಿದೆಯಲ್ಲಾ, ಇದು ಯಾರದ್ದು?"

ಓಡುತ್ತೇವೆ. ಅತ್ತೆಯ ಲಾಕರಿನ ಬೂದು ಬಾಗಿಲ ಮೇಲೆ ಬಿಳಿ ಗಂಜಿಪುಡಿಯಲ್ಲಿ ಏಳು ಅಕ್ಷರ, ಒಂದೊಂದೂ ಹೆಬ್ಬೆಟ್ಟಿನಷ್ಟು ದಪ್ಪ. ಹೊಸಬಳು ಹಿಡಿಯಿಂದ ಕೈ ತೆಗೆದು ಹಿಂದೆ ಸರಿಯುತ್ತಾಳೆ. ಟೀಚರಕ್ಕ ತೋರುಬೆರಳನ್ನು ಒಂದೊಂದೇ ಅಕ್ಷರದ ಕೆಳಗೆ, ತಾಗದಂತೆ, ಕೊನೆಯವರೆಗೂ ನಡೆಸುತ್ತಾರೆ.

"ನಮ್ಮತ್ತೆದು" ಎನ್ನುತ್ತಾರೆ. "ಎಷ್ಟು ದುಂಡಗೆ ಬರೆದಿದ್ದಾರೆ ನೋಡು."